ಗೊದ್ದಗಳನ್ನು ಟೆಸ್ಟ್ ಟ್ಯೂಬಿನಿಂದ ದೊಡ್ಡ ಗೂಡಿಗೆ ಬಿಡಲು ಸರಿಯಾದ ಸಮಯ ಯಾವುದು?

ಪ್ರಶ್ನೆ: ಗೊದ್ದಪ್ರಿಯ (ಮೈಸೂರು)

ಎಲ್ಲರಿಗೂ ನಮಸ್ಕಾರ. ಈ ವರ್ಷ ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ನಮ್ಮ ಕಾಂಪೌಂಡಿನ ಬಳಿ ರೆಕ್ಕೆ ಕಳಚಿಕೊಂಡು ಓಡಾಡುತ್ತಿದ್ದ ಒಂದು ರಾಣಿ ಗೊದ್ದವನ್ನು ಹಿಡಿದು ಟೆಸ್ಟ್ ಟ್ಯೂಬಿನಲ್ಲಿ ಇರಿಸಿದ್ದೆ. ಅದು ಕ್ಯಾಂಪೊನೋಟಸ್ ಕಂಪ್ರೆಸಸ್ ಎಂದು ಇಲ್ಲಿನ ಹಿರಿಯರೇ ಆಗ ಗುರುತಿಸಿಕೊಟ್ಟಿದ್ದರು. ಟ್ಯೂಬು 16 ಮಿ.ಮೀ. ಅಗಲ, 150 ಮಿ.ಮೀ. ಉದ್ದದ ಸಾಮಾನ್ಯ ಗಾಜಿನದು. ತಳದಲ್ಲಿ ನೀರು, ನೀರನ್ನು ತಡೆಯಲು ಹತ್ತಿ, ಉಳಿದ ಒಣ ಭಾಗ ಹತ್ತಿರ ಹತ್ತಿರ ಎಂಟು ಸೆಂ.ಮೀ. ಇದೆ. ಮೊದಲ ಕೆಲಸಗಾರ ಇರುವೆಗಳು ಹೊರಬಂದ ಮೇಲೆ ಟ್ಯೂಬಿನ ಬಾಯನ್ನು ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ಸೇರಿಸಿದ್ದೇನೆ. ಜೇನಿನ ಹನಿ, ಕೊಂದ ಜಿರಳೆಯ ತುಂಡು ಮುಂತಾದ ಆಹಾರವನ್ನೆಲ್ಲ ಆ ಡಬ್ಬಿಯಲ್ಲಿಯೇ ಇಡುತ್ತೇನೆ.

ಈಗ ಕೆಲಸಗಾರ ಇರುವೆಗಳ ಸಂಖ್ಯೆ ಇಪ್ಪತ್ತನ್ನು ದಾಟಿದೆ. ಮೊಟ್ಟೆ, ಮರಿಹುಳು, ಕೋಶ ಮೂರೂ ಹೇರಳವಾಗಿ ಇರುವುದರಿಂದ ಈ ಸಂಖ್ಯೆ ಬೇಗ ಹೆಚ್ಚಬಹುದೆಂದು ತೋರುತ್ತದೆ. ನೀರು ಮೂರರಲ್ಲಿ ಒಂದು ಪಾಲಿನಷ್ಟು ಮಾತ್ರ ಉಳಿದಿದ್ದು ಸ್ವಲ್ಪ ಹಳದಿ ಬಣ್ಣಕ್ಕೆ ತಿರುಗಿದೆ. ಮುಂದಿನ ಹಂತಕ್ಕೆಂದು ಒಂದು ಅಡಿ ಉದ್ದದ, ಎಂಟು ಕೋಣೆಗಳಿರುವ ಅಕ್ರಿಲಿಕ್ ಗೂಡೊಂದನ್ನು ತಂದಿಟ್ಟುಕೊಂಡಿದ್ದೇನೆ. ಒಂದೊಂದು ಕೋಣೆ ಸುಮಾರು ನಾಲ್ಕು ಸೆಂ.ಮೀ. ಉದ್ದ, ಮೂರು ಸೆಂ.ಮೀ. ಅಗಲ ಇದೆ. ನೆಲಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಲಾಗಿದೆ.

ಯಾವಾಗ ಸ್ಥಳಾಂತರಿಸಬೇಕೆಂಬ ಬಗ್ಗೆ ಓದಿದಷ್ಟೂ ಗೊಂದಲ ಹೆಚ್ಚಾಗಿದೆ. ಒಬ್ಬರು ಹತ್ತು ಇರುವೆಗಳಾದರೆ ಸಾಕು ಎನ್ನುತ್ತಾರೆ, ಇನ್ನೊಬ್ಬರು ಐವತ್ತಾಗುವವರೆಗೆ ಟ್ಯೂಬನ್ನು ಮುಟ್ಟಲೇಬಾರದು ಎನ್ನುತ್ತಾರೆ. ನೀರು ಕಡಿಮೆಯಾಗುತ್ತಿರುವುದನ್ನೇ ಸಾಕಷ್ಟು ಕಾರಣವೆಂದು ಪರಿಗಣಿಸಬಹುದೇ? ಚಳಿಗಾಲ ಹತ್ತಿರ ಬರುತ್ತಿರುವುದರಿಂದ ಈಗಲೇ ಬಿಡುವುದು ಒಳ್ಳೆಯದೋ ಅಥವಾ ಸಂಕ್ರಾಂತಿ ಕಳೆಯುವವರೆಗೆ ತಡೆಯುವುದು ಒಳ್ಳೆಯದೋ? ತಿಳಿದವರು ದಯವಿಟ್ಟು ಮಾರ್ಗದರ್ಶನ ನೀಡಬೇಕಾಗಿ ವಿನಂತಿ.

ಉತ್ತರ: ಹುತ್ತದಹಾದಿ (ಬೆಂಗಳೂರು)

ಸರ್, ನಿಮ್ಮ ಪ್ರಶ್ನೆಯಲ್ಲಿ ಅಳತೆಗಳನ್ನು ಕೊಟ್ಟಿರುವುದು ಬಹಳ ಉಪಕಾರವಾಯಿತು. ಸಾಮಾನ್ಯವಾಗಿ ಎಲ್ಲರೂ ಇರುವೆಗಳ ಸಂಖ್ಯೆಯನ್ನು ಮಾತ್ರ ಹೇಳಿ ಗೂಡಿನ ಅಳತೆಯನ್ನು ಬಿಟ್ಟುಬಿಡುತ್ತಾರೆ. ಎರಡನ್ನೂ ಜೊತೆಗಿಟ್ಟು ನೋಡದೆ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ.

ಮೊದಲು ಲೆಕ್ಕ ಮಾಡೋಣ. ಗಾಜಿನ ದಪ್ಪ ಕಳೆದರೆ ನಿಮ್ಮ ಟ್ಯೂಬಿನ ಒಳ ಅಗಲ ಸುಮಾರು 14 ಮಿ.ಮೀ. ಆಗುತ್ತದೆ. ಒಣ ಭಾಗ 8 ಸೆಂ.ಮೀ. ಎಂದರೆ ನೆಲದ ವಿಸ್ತೀರ್ಣ ಹೆಚ್ಚು ಕಡಿಮೆ 11 ಚದರ ಸೆಂ.ಮೀ. ನೀವು ತಂದಿರುವ ಗೂಡಿನ ಒಂದೊಂದು ಕೋಣೆಯೇ 12 ಚದರ ಸೆಂ.ಮೀ. ಇದೆ. ಅಂದರೆ ಇಡೀ ಗೂಡು ನಿಮ್ಮ ಟ್ಯೂಬಿನ ಎಂಟು ಪಟ್ಟಿಗೂ ಹೆಚ್ಚು ದೊಡ್ಡದು. ಟ್ಯೂಬಿನ ದುಂಡು ಗೋಡೆಯ ಮೇಲೂ ಇರುವೆಗಳು ಕೂರುತ್ತವೆ ಎಂಬುದನ್ನು ಸೇರಿಸಿಕೊಂಡರೂ ಈ ಅಂತರ ದೊಡ್ಡದೇ. ಇಪ್ಪತ್ತು ಚಿಲ್ಲರೆ ಇರುವೆಗಳಿಗೆ ಎಂಟು ಕೋಣೆಗಳನ್ನು ಒಮ್ಮೆಲೇ ತೆರೆದುಕೊಡುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ಏಕೆ ಸರಿಯಲ್ಲ ಎಂಬುದನ್ನು ಸ್ವಲ್ಪ ವಿವರಿಸಬೇಕು. ಹೊಲದ ಬದುವಿನಲ್ಲೋ ಮರದ ಬುಡದಲ್ಲೋ ಗೊದ್ದಗಳು ಮಣ್ಣನ್ನು ತಾವೇ ತೋಡಿ ಗೂಡು ಮಾಡಿಕೊಳ್ಳುತ್ತವೆ. ರಾಣಿ ಮೊದಲು ತೋಡುವುದು ತಾನು ಹಿಡಿಸುವಷ್ಟು ಒಂದು ಪುಟ್ಟ ಕೋಣೆಯನ್ನು ಮಾತ್ರ. ಅದರ ಬಾಯನ್ನು ಮುಚ್ಚಿಕೊಂಡು, ಇನ್ನು ಮುಂದೆ ಬೇಕಿಲ್ಲದ ರೆಕ್ಕೆಯ ಸ್ನಾಯುಗಳನ್ನು ಕರಗಿಸಿಕೊಂಡೇ ಮೊದಲ ಮರಿಗಳನ್ನು ಸಾಕುತ್ತದೆ. ಅನಂತರ ಕೆಲಸಗಾರ ಇರುವೆಗಳು ಹೆಚ್ಚಿದಂತೆ ತೋಡುವ ಕೆಲಸವೂ ಹೆಚ್ಚುತ್ತದೆ. ತಾವೇ ತೋಡುವ ಗೂಡಿನ ಗಾತ್ರ ಇರುವೆಗಳ ಸಂಖ್ಯೆಯ ಜೊತೆಜೊತೆಗೇ ಬೆಳೆಯುತ್ತದೆ ಎಂಬುದನ್ನು ಬೇರೆ ಜಾತಿಗಳ ಮೇಲೆ ನಡೆದ ಪ್ರಯೋಗಗಳೂ ತೋರಿಸಿವೆ. ಹೀಗಾಗಿ ಖಾಲಿ ಕೋಣೆಗಳ ಸಾಲಿನ ನಡುವೆ ಬದುಕುವ ಪ್ರಸಂಗ ಸಣ್ಣ ಸಂಸಾರಕ್ಕೆ ನಿಸರ್ಗದಲ್ಲಿ ಬರುವುದೇ ಅಪರೂಪ.

ನಾವು ಅಂಥ ಪ್ರಸಂಗವನ್ನು ತಂದೊಡ್ಡಿದಾಗ ಆಗುವುದು ಹೀಗೆ. ರಾಣಿ ಮತ್ತು ಮರಿಗಳು ಒಂದು ಮೂಲೆಯಲ್ಲಿ ಗುಂಪಾಗಿ ಕೂರುತ್ತವೆ. ಉಳಿದ ಕೋಣೆಗಳು ಕಸದ ಜಾಗವಾಗುತ್ತವೆ: ತಿಂದು ಬಿಟ್ಟ ಜಿರಳೆಯ ಕಾಲು, ಖಾಲಿಯಾದ ಕೋಶದ ಸಿಪ್ಪೆ, ಸತ್ತ ಇರುವೆ ಎಲ್ಲವೂ ಅಲ್ಲಿಗೇ ಹೋಗುತ್ತವೆ. ಗೂಡಿಗೆ ನೀವು ಕೊಡುವ ತೇವ ಆ ಕಸಕ್ಕೂ ತಗಲಿ ಬೂಷ್ಟು ಹಿಡಿಯುತ್ತದೆ. ಅದನ್ನು ತೆಗೆಯಬೇಕೆಂದರೆ ಗೂಡಿನ ಮುಚ್ಚಳವನ್ನೇ ಬಿಚ್ಚಬೇಕು. ಟ್ಯೂಬಿನಲ್ಲಿ ಈ ತೊಂದರೆ ಇಲ್ಲ, ಏಕೆಂದರೆ ಒಳಗೆ ಜಾಗವಿಲ್ಲದ ಕಾರಣ ಅವು ಕಸವನ್ನು ಹೊರಗಿನ ಡಬ್ಬಿಗೇ ತಂದು ಹಾಕುತ್ತವೆ. ನಿಮ್ಮ ಡಬ್ಬಿಯ ಯಾವುದೋ ಒಂದು ಮೂಲೆಯಲ್ಲಿ ಈಗಾಗಲೇ ಅಂಥ ರಾಶಿ ಇರಬೇಕು, ನೋಡಿ.

ಇನ್ನು ಯಾವಾಗ ಎಂಬ ಮಾತು. ನಾನು ಎಣಿಕೆಗಿಂತ ಹೆಚ್ಚಾಗಿ ನೋಡುವುದು ಇರುವೆಗಳು ಹಗಲಿನಲ್ಲಿ ಎಲ್ಲಿ ಕೂರುತ್ತವೆ ಎಂಬುದನ್ನು. ಗೊದ್ದಗಳು ರಾತ್ರಿ ಮೇವಿಗೆಂದು ಹೊರಗೆ ಬರುವುದು ಸಹಜವಾದ್ದರಿಂದ ಆಗಿನ ಓಡಾಟದಿಂದ ಏನನ್ನೂ ತೀರ್ಮಾನಿಸಲಾಗದು. ಆದರೆ ಹಗಲಿನಲ್ಲಿ, ಹೊಟ್ಟೆ ತುಂಬಿದ ಮೇಲೆಯೂ, ಐದಾರು ಇರುವೆಗಳು ಟ್ಯೂಬಿನ ಬಾಯಿಯ ಹೊರಗೆ ಬೆಳಕಿನಲ್ಲಿಯೇ ಸುಮ್ಮನೆ ಕುಳಿತಿದ್ದರೆ, ಮತ್ತು ದಿನ ದಿನವೂ ಹಾಗೆಯೇ ಇದ್ದರೆ, ಒಳಗೆ ಜಾಗ ಸಾಲುತ್ತಿಲ್ಲವೆಂದು ಧೈರ್ಯವಾಗಿ ಹೇಳಬಹುದು. ಎರಡನೆಯದಾಗಿ, ಮರಿಗಳ ವಿಂಗಡಣೆಯನ್ನು ಗಮನಿಸಿ. ಜಾಗವಿದ್ದರೆ ಅವು ಮೊಟ್ಟೆ ಮತ್ತು ಎಳೆಯ ಮರಿಹುಳುಗಳನ್ನು ತೇವದ ಹತ್ತಿಯ ಹತ್ತಿರವೂ, ಕೋಶಗಳನ್ನು ಒಣ ಭಾಗದಲ್ಲಿಯೂ ಬೇರೆ ಬೇರೆಯಾಗಿ ಜೋಡಿಸುತ್ತವೆ. ಎಲ್ಲವೂ ಕಲಸಿ ಒಂದೇ ರಾಶಿಯಾಗಿದ್ದರೆ ಇಕ್ಕಟ್ಟಿನ ಲಕ್ಷಣವೆಂದು ತಿಳಿಯಬಹುದು.

ನೀರಿನ ವಿಷಯವೇ ಬೇರೆ. ನೀರು ಮುಗಿಯುವುದೊಂದೇ ಇದರಲ್ಲಿ ನಿಜವಾದ ತುರ್ತು. ಹಳದಿ ಬಣ್ಣ ನೋಡಲು ಚೆನ್ನಾಗಿ ಕಾಣದಿದ್ದರೂ ಅಷ್ಟರಿಂದಲೇ ಗಾಬರಿಯಾಗಬೇಕಿಲ್ಲ. ಹತ್ತಿ ಕಪ್ಪಾಗಿ ಬೂಷ್ಟಿನ ಎಳೆಗಳು ಮರಿಗಳ ಕಡೆಗೆ ಹಬ್ಬುತ್ತಿದ್ದರೆ ಮಾತ್ರ ತಡಮಾಡಬಾರದು. ಆದರೆ ನೀರು ಮುಗಿಯುತ್ತಾ ಬಂದಿದೆ ಎಂದ ಮಾತ್ರಕ್ಕೆ ದೊಡ್ಡ ಗೂಡಿಗೇ ಹೋಗಬೇಕೆಂದೇನೂ ಇಲ್ಲ. ಹೊಸದಾಗಿ ನೀರು ತುಂಬಿದ ಇನ್ನೊಂದು ಟ್ಯೂಬನ್ನು ಅದೇ ಡಬ್ಬಿಯಲ್ಲಿ ಹಳೆಯದರ ಪಕ್ಕ ಇಟ್ಟು ಕಪ್ಪು ಕಾಗದ ಸುತ್ತಿದರೆ ಸಾಕು. ಹೆಚ್ಚಿನ ಖರ್ಚಿಲ್ಲದೆ ಕೆಲವು ತಿಂಗಳ ಕಾಲಾವಕಾಶ ದೊರೆಯುತ್ತದೆ.

ಚಳಿಯ ಬಗ್ಗೆ: ಮೈಸೂರಿನಲ್ಲಿ ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಉಷ್ಣತೆ 16–17 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮನೆಯೊಳಗೆ ಇನ್ನೂ ಬೆಚ್ಚಗಿರುತ್ತದೆ. ಅಷ್ಟಕ್ಕೆ ಗೊದ್ದಗಳು ದೀರ್ಘ ನಿದ್ರೆಗೇನೂ ಹೋಗುವುದಿಲ್ಲ, ಆದರೆ ಮರಿಗಳ ಬೆಳವಣಿಗೆ ನಿಧಾನವಾಗಿ ಸಂಖ್ಯೆಯ ಏರಿಕೆಯೂ ತಗ್ಗುತ್ತದೆ. ಆದ್ದರಿಂದ ಇಕ್ಕಟ್ಟು ಇನ್ನೂ ಅಷ್ಟಾಗಿ ಕಾಣದಿದ್ದರೆ ಎರಡನೆಯ ಟ್ಯೂಬು ಕೊಟ್ಟು ಫೆಬ್ರವರಿಯ ಕೊನೆಯವರೆಗೆ ನಿಶ್ಚಿಂತೆಯಿಂದ ಇರಬಹುದು ಎಂಬುದು ನನ್ನ ಅಭಿಪ್ರಾಯ.

ಉತ್ತರ: ಅಡಕೆತೋಟ (ತೀರ್ಥಹಳ್ಳಿ)

ಮೇಲಿನ ಉತ್ತರದ ಬಹುಭಾಗವನ್ನು ಒಪ್ಪುತ್ತೇನೆ. ಆದರೆ ಕಾಯುವ ಸಲಹೆ ಬಯಲುಸೀಮೆಗೆ ಹೊಂದುವಷ್ಟು ನಮ್ಮ ಮಲೆನಾಡಿಗೆ ಹೊಂದುವುದಿಲ್ಲ ಎಂಬುದನ್ನು ಹೇಳಬೇಕಾಗಿದೆ. ಮುಂದೆ ಇದನ್ನು ಓದುವ ನಮ್ಮ ಕಡೆಯವರಿಗೂ ಉಪಯೋಗವಾದೀತು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಬಟ್ಟೆ, ಚಪ್ಪಲಿ ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ಇನ್ನು ಸದಾ ಒದ್ದೆಯಾಗಿರುವ ಹತ್ತಿಯನ್ನು ಬಿಟ್ಟೀತೇ? ಟ್ಯೂಬು ತುಂಬುವುದಕ್ಕಿಂತ ಎಷ್ಟೋ ಮೊದಲೇ ಹತ್ತಿ ಕೆಡುವುದರಿಂದ ನಾವು ಹತ್ತು ಹದಿನೈದು ಇರುವೆಗಳಿದ್ದಾಗಲೇ ಜಾಗ ಬದಲಿಸಬೇಕಾಗುತ್ತದೆ. ಹಾಗೆ ಬದಲಿಸುವುದು ಎರಡೇ ಕೋಣೆಗಳ ಸಣ್ಣ ಗೂಡಿಗೆ ಎಂಬುದು ಬೇರೆ ಮಾತು.

ಗೊದ್ದಗಳ ವಿಷಯದಲ್ಲಿ ಬೂಷ್ಟಿನ ಬಗ್ಗೆ ಹೆಚ್ಚು ಜಾಗ್ರತೆ ಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಅನೇಕ ಜಾತಿಯ ಇರುವೆಗಳಿಗೆ ಎದೆಯ ಹಿಂಭಾಗದ ಎರಡೂ ಪಕ್ಕಗಳಲ್ಲಿ, ಸೋಂಕನ್ನು ತಡೆಯುವ ರಸ ಸ್ರವಿಸುವ ಗ್ರಂಥಿಗಳಿರುತ್ತವೆ. ಕ್ಯಾಂಪೊನೋಟಸ್ ಕುಲದ ಬಹುತೇಕ ಜಾತಿಗಳಿಗೆ ಅವು ಇಲ್ಲ. ಪರಸ್ಪರ ನೆಕ್ಕಿ ಸ್ವಚ್ಛಗೊಳಿಸುವುದು, ಫಾರ್ಮಿಕ್ ಆಮ್ಲವನ್ನು ಬಳಸುವುದು ಮುಂತಾದ ಬೇರೆ ಉಪಾಯಗಳು ಅವಕ್ಕೆ ಇದ್ದೇ ಇವೆ, ಆದರೆ ಆ ಕೆಲಸಕ್ಕೆ ಕೈಗಳು ಬೇಕು. ಇಪ್ಪತ್ತು ಇರುವೆಗಳು ಎರಡು ಕೋಣೆಗಳನ್ನು ಸ್ವಚ್ಛವಾಗಿಡಬಲ್ಲವು, ಎಂಟನ್ನಲ್ಲ.

ನಿಮ್ಮ ಗೂಡಿನ ನೆಲ ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂದಿದ್ದೀರಿ. ಸದಾ ತೇವವಿದ್ದರೆ ಅದು ಮೆತ್ತಗಾಗುತ್ತದೆ, ಮೆತ್ತಗಾದ ಪ್ಲಾಸ್ಟರನ್ನು ಗೊದ್ದಗಳು ದವಡೆಯಿಂದ ಕೆರೆದು ಪುಡಿ ಮಾಡುತ್ತವೆ. ಈಗಿನ ಪುಟ್ಟ ಕೆಲಸಗಾರ ಇರುವೆಗಳಿಂದ ದೊಡ್ಡ ಹಾನಿಯಾಗದು, ಆದರೆ ಮುಂದೆ ದೊಡ್ಡ ತಲೆಯ ಇರುವೆಗಳು ಹುಟ್ಟಿದ ಮೇಲೆ ಪರಿಸ್ಥಿತಿ ಬೇರೆ. ಕಟ್ಟಡಕ್ಕೆ ಬಳಸುವ ಎಎಸಿ ಬ್ಲಾಕಿನ ತುಂಡನ್ನು ಕೊರೆದು ಮಾಡಿದ ಗೂಡು ಇದಕ್ಕಿಂತ ಗಟ್ಟಿ, ನೀರನ್ನೂ ಚೆನ್ನಾಗಿ ಹೀರಿ ಹಿಡಿದಿಡುತ್ತದೆ. ಕೊರೆದ ಮೇಲೆ ದೂಳು ಹೋಗುವಂತೆ ಹಲವು ಸಲ ತೊಳೆದು ಪೂರ್ತಿ ಒಣಗಿಸಬೇಕು. ಯಾವುದೇ ಗೂಡಾದರೂ ಒಂದು ತುದಿಗೆ ಮಾತ್ರ ನೀರು ಕೊಡಿ. ಇನ್ನೊಂದು ತುದಿ ಒಣಗಿದ್ದರೆ ತಮಗೆ ಬೇಕಾದ ಜಾಗವನ್ನು ಅವೇ ಆರಿಸಿಕೊಳ್ಳುತ್ತವೆ.

ಇನ್ನೊಂದು ಎಚ್ಚರಿಕೆ. ಗೂಡು ದೊಡ್ಡದಾದಷ್ಟೂ ಗಾಳಿಗೆಂದು ಬಿಟ್ಟ ರಂಧ್ರಗಳು ಹೆಚ್ಚು. ನಮ್ಮ ಅಡುಗೆಮನೆಗಳಲ್ಲಿ ಸಕ್ಕರೆ ಡಬ್ಬಿಗೆ ಸಾಲುಗಟ್ಟುವ, ತಲೆ ಮಾತ್ರ ಕಪ್ಪಾಗಿ ಹೊಟ್ಟೆ ಬಿಳಿಚಿಕೊಂಡಿರುವ ಅತಿ ಸಣ್ಣ ಇರುವೆಗಳಿಗೆ ಆ ಜಾಲರಿಯ ಕಣ್ಣುಗಳು ಹೆಬ್ಬಾಗಿಲಿದ್ದಂತೆ. ಅವು ನುಗ್ಗಿದರೆ ಮರಿಗಳನ್ನು ಉಳಿಸುವುದಿಲ್ಲ. ಗೂಡನ್ನು ನೀರು ತುಂಬಿದ ತಟ್ಟೆಯ ನಡುವೆ, ಒಂದು ಪೀಠದ ಮೇಲೆ ಇಡುವುದು ಲೇಸು. ಇರುವೆಗಳು ಏರಿ ದಾಟದಂತೆ ಟ್ಯಾಲ್ಕಂ ಪೌಡರನ್ನು ಸ್ಪಿರಿಟಿನಲ್ಲಿ ಕಲಸಿ ಡಬ್ಬಿಯ ಅಂಚಿಗೆ ಹಚ್ಚುವ ಪದ್ಧತಿ ಮೈಸೂರಿನಲ್ಲಿ ಚೆನ್ನಾಗಿ ನಡೆದೀತು. ನಮ್ಮಲ್ಲಿ ಮಳೆಗಾಲದ ತೇವಕ್ಕೆ ಅದು ನಿಲ್ಲುವುದಿಲ್ಲ.

ಉತ್ತರ: ದೂರದೂರು (ಮ್ಯೂನಿಕ್)

ಹತ್ತು, ಇಪ್ಪತ್ತೈದು, ಐವತ್ತು ಎಂಬ ಅಂಕಿಗಳು ಎಲ್ಲಿಂದ ಬಂದವು ಎಂಬುದರ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಯುರೋಪು ಮತ್ತು ಉತ್ತರ ಅಮೆರಿಕದವರು ಬರೆದಂಥವು. ಇಲ್ಲಿ ಜರ್ಮನಿಯಲ್ಲಿ ಹೊಸಬರು ಸಾಮಾನ್ಯವಾಗಿ ಸಾಕುವುದು ಲಾಸಿಯಸ್ ನೈಗರ್ ಎಂಬ ತೋಟದ ಕಪ್ಪು ಇರುವೆಯನ್ನು. ನಾನೂ ಅದನ್ನೇ ಸಾಕಿದ್ದೇನೆ. ಅದರ ಕೆಲಸಗಾರ ಇರುವೆಯ ಉದ್ದ 3ರಿಂದ 5 ಮಿ.ಮೀ. ಮಾತ್ರ. ನಿಮ್ಮಲ್ಲಿರುವಂಥದೇ ಟ್ಯೂಬಿನಲ್ಲಿ ಅವು ಐವತ್ತಲ್ಲ, ನೂರು ಇದ್ದರೂ ಹೆಚ್ಚಿನ ತೊಂದರೆ ಇಲ್ಲದೆ ಇರುತ್ತವೆ. ಗೊದ್ದದ ಮೊದಲ ತಲೆಮಾರಿನ ಪುಟ್ಟ ಕೆಲಸಗಾರರೇ ಅದಕ್ಕಿಂತ ದೊಡ್ಡವು, ಮುಂದೆ ಹುಟ್ಟುವವು ಇನ್ನೂ ದೊಡ್ಡವು, ರಾಣಿಯಂತೂ ಒಂದೂವರೆ ಸೆಂ.ಮೀ.ಗೂ ಉದ್ದ. ಹೀಗಿರುವಾಗ ಲಾಸಿಯಸ್‌ಗೆ ಹೇಳಿದ ಐವತ್ತನ್ನು ಗೊದ್ದಕ್ಕೆ ಅನ್ವಯಿಸಿದರೆ ಟ್ಯೂಬಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗೊದ್ದಕ್ಕೆ ಹೇಳಿದ ಇಪ್ಪತ್ತೈದನ್ನು ಲಾಸಿಯಸ್‌ಗೆ ಅನ್ವಯಿಸಿದರೆ ಅರ್ಧ ಗೂಡು ಖಾಲಿ ಬೀಳುತ್ತದೆ. ಯಾವ ಅಂಕಿಯೂ ಸುಳ್ಳಲ್ಲ, ಹೇಳಿದವರು ಜಾತಿಯ ಹೆಸರನ್ನು ಹೇಳದೆ ಬಿಟ್ಟಿದ್ದಾರೆ ಅಷ್ಟೆ.

ಚಳಿಗಾಲದ ಸಲಹೆಗಳೂ ಹಾಗೆಯೇ. ಚಳಿಗೆ ಮೊದಲು ಗೂಡು ಬದಲಿಸಬಾರದು ಎಂದು ಇಲ್ಲಿಯವರು ಒತ್ತಿ ಹೇಳುವುದಕ್ಕೆ ಕಾರಣವಿದೆ. ಲಾಸಿಯಸ್ ಗೂಡನ್ನು ಶರತ್ಕಾಲದ ಕೊನೆಯಿಂದ ವಸಂತದ ಆರಂಭದವರೆಗೆ 5ರಿಂದ 8 ಡಿಗ್ರಿಯ ತಂಪಿನಲ್ಲಿ, ಎಷ್ಟೋ ಮನೆಗಳಲ್ಲಿ ಫ್ರಿಜ್ಜಿನಲ್ಲಿಯೇ, ಇಡಬೇಕಾಗುತ್ತದೆ. ದೊಡ್ಡ ಗೂಡನ್ನು ಹಾಗೆ ಇಡುವುದು ಕಷ್ಟ, ಟ್ಯೂಬನ್ನು ಇಡುವುದು ಸುಲಭ. ಆ ಕಾರಣ ಮೈಸೂರಿನಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಸಂಕ್ರಾಂತಿಗೆ ಮೊದಲೋ ನಂತರವೋ ಎಂದು ಯೋಚಿಸುವುದಕ್ಕಿಂತ, ನಿಮ್ಮ ಕೋಣೆಯ ಉಷ್ಣತೆ ಹಗಲಿನಲ್ಲಿ 25 ಡಿಗ್ರಿ ದಾಟುತ್ತದೆಯೇ ಎಂದು ನೋಡಿಕೊಂಡರೆ ಸಾಕು. ದಾಟಿದರೆ ಅವು ಚುರುಕಾಗಿಯೇ ಇರುತ್ತವೆ.

ಉತ್ತರ: ಕೀಟಶಾಸ್ತ್ರವಿದ್ಯಾರ್ಥಿ (ಧಾರವಾಡ)

ಗೂಡು ಬದಲಿಸುವ ತೀರ್ಮಾನವನ್ನು ನಾವು ತೆಗೆದುಕೊಳ್ಳುತ್ತೇವೆ ಎಂಬಂತೆ ಚರ್ಚೆ ನಡೆದಿದೆ. ವಾಸ್ತವವಾಗಿ ನಾವು ಬಾಗಿಲು ತೆರೆಯಬಹುದು, ಹೋಗುವುದೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಇರುವೆಗಳೇ. ಈ ವಿಷಯದಲ್ಲಿ ಸಾಕಷ್ಟು ಅಧ್ಯಯನ ನಡೆದಿದೆ. ಟೆಮ್ನೋಥೊರಾಕ್ಸ್ ಎಂಬ ಪುಟ್ಟ ಇರುವೆಗಳು ಬಂಡೆಯ ಬಿರುಕುಗಳಲ್ಲಿ ವಾಸಿಸುತ್ತವೆ. ಅವುಗಳ ಅನ್ವೇಷಕ ಇರುವೆ ಹೊಸ ಬಿರುಕನ್ನು ಒಮ್ಮೆ ಸುತ್ತಾಡಿ ವಾಸನೆಯ ಜಾಡನ್ನು ಬಿಡುತ್ತದೆ, ಮತ್ತೆ ಬಂದಾಗ ತನ್ನದೇ ಹಳೆಯ ಜಾಡನ್ನು ಎಷ್ಟು ಸಲ ದಾಟಬೇಕಾಗುತ್ತದೆ ಎಂಬುದರಿಂದ ಜಾಗದ ವಿಸ್ತೀರ್ಣವನ್ನು ಅಂದಾಜು ಮಾಡುತ್ತದೆ ಎಂದು 2000ನೆಯ ಇಸವಿಯಲ್ಲಿ ಮ್ಯಾಲನ್ ಮತ್ತು ಫ್ರಾಂಕ್ಸ್ ಎಂಬ ಸಂಶೋಧಕರು ತೋರಿಸಿದರು. ಜಾಗ ಒಪ್ಪಿಗೆಯಾದರೆ ಆ ಇರುವೆ ಮತ್ತೊಂದನ್ನು ಬೆನ್ನ ಹಿಂದೆ ಕರೆದೊಯ್ಯುತ್ತದೆ. ಹೊಸ ಜಾಗದಲ್ಲಿ ಸಾಕಷ್ಟು ಇರುವೆಗಳು ಸೇರಿವೆ ಎಂದು ಗೊತ್ತಾದ ಮೇಲೆ ಮಾತ್ರ ನಿಧಾನವಾದ ಈ ಕ್ರಮವನ್ನು ಬಿಟ್ಟು, ಉಳಿದವರನ್ನೂ ಮರಿಗಳನ್ನೂ ಎತ್ತಿಕೊಂಡು ಓಡುವ ವೇಗದ ಕ್ರಮಕ್ಕೆ ಬದಲಾಗುತ್ತವೆ.

ಹೀಗೆ ಜೋಡಿಯಾಗಿ ಕರೆದೊಯ್ಯುವ ಕ್ರಮ ನಮ್ಮ ದೇಶದ ಇರುವೆಗಳಲ್ಲಿಯೂ ಇದೆ. ಗೊದ್ದದ ಸಮೀಪದ ಬಂಧುವಾದ ಕ್ಯಾಂಪೊನೋಟಸ್ ಸೆರಿಸಿಯಸ್‌ನಲ್ಲಿ ಅದನ್ನು 1974ರಲ್ಲಿಯೇ ವಿವರವಾಗಿ ವರ್ಣಿಸಲಾಗಿದೆ. ಡಯಾಕಮ್ಮ ಇಂಡಿಕಮ್ ಎಂಬ ಭಾರತೀಯ ಇರುವೆಯ ಗೂಡು ಬದಲಾವಣೆಯ ಬಗ್ಗೆ ಕೋಲ್ಕತ್ತದ ಐಸರ್ ಸಂಸ್ಥೆಯಲ್ಲಿ ಸುಮನಾ ಅಣ್ಣಗಿರಿ ಅವರ ತಂಡ ದೀರ್ಘಕಾಲದಿಂದ ಕೆಲಸ ಮಾಡುತ್ತಿದೆ.

ಇದರಿಂದ ನಿಮಗೆ ಆಗಬಹುದಾದ ಪ್ರಯೋಜನ ಇಷ್ಟು: ಹೊಸ ಗೂಡಿನಲ್ಲಿ ಎರಡು ಮೂರು ಇರುವೆಗಳು ಸುತ್ತಾಡುತ್ತಿರುವುದನ್ನು ನೋಡಿ ಸ್ಥಳಾಂತರ ಆರಂಭವಾಯಿತೆಂದು ತಿಳಿಯಬೇಡಿ. ಅದು ಪರಿಶೀಲನೆ ಮಾತ್ರ. ಒಂದು ಇರುವೆ ಇನ್ನೊಂದರ ದವಡೆಯನ್ನು ಕಚ್ಚಿ ಎತ್ತಿ, ಎತ್ತಿಸಿಕೊಂಡದ್ದು ಮುದುಡಿ ಅದರ ತಲೆಯ ಕೆಳಗೆ ಸುರುಳಿಯಾಗಿ ಅಲ್ಲಾಡದೆ ಇರುವುದು ಕಂಡರೆ, ಅಥವಾ ಕೋಶಗಳನ್ನು ಕಚ್ಚಿಕೊಂಡು ಹೋಗುತ್ತಿರುವುದು ಕಂಡರೆ, ಆಗ ತೀರ್ಮಾನವಾಗಿದೆ ಎಂದರ್ಥ. ಬಿರುಕಿನಲ್ಲಿ ವಾಸಿಸುವ ಇರುವೆಗಳಿಗೆ ಮನೆ ಬದಲಿಸುವುದು ಬದುಕಿನ ಮಾಮೂಲು ಭಾಗ, ನೆಲದಲ್ಲಿ ತಾವೇ ತೋಡಿದ ಗೂಡಿನಲ್ಲಿ ಬಹುಕಾಲ ನೆಲೆಸುವ ಗೊದ್ದಗಳಿಗೆ ಅಲ್ಲ. ಆದ್ದರಿಂದ ಅವು ತಡಮಾಡಿದರೆ ಆಶ್ಚರ್ಯಪಡಬೇಕಿಲ್ಲ.

ಗೊದ್ದಪ್ರಿಯ (ಮೈಸೂರು)

ಇಷ್ಟು ವಿವರವಾಗಿ ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿಕೊಂಡು, ನೀವು ಹೇಳಿದಂತೆ ಹಗಲಿನಲ್ಲಿ ಟ್ಯೂಬಿನ ಮೇಲಿನ ಹೊದಿಕೆಯನ್ನು ಸರಿಸಿ ಗಮನಿಸಿದೆ. ಮೊಟ್ಟೆಗಳ ಗೊಂಚಲು ಒದ್ದೆ ಹತ್ತಿಗೆ ಅಂಟಿದಂತೆ ಇದೆ. ಅದರ ಪಕ್ಕದಲ್ಲಿಯೇ ರಾಣಿ. ಕೋಶಗಳು ಬಾಯಿಯ ಕಡೆ ಪ್ರತ್ಯೇಕವಾಗಿಯೇ ಇವೆ, ಆದರೆ ಒಂದರ ಮೇಲೊಂದರಂತೆ ಎರಡು ಪದರಗಳಾಗಿ. ದಪ್ಪನಾದ ಮರಿಹುಳುಗಳು ಮಾತ್ರ ಎರಡೂ ಕಡೆ ಹಂಚಿಹೋಗಿವೆ. ಒಳಗಿನಿಂದ ಹೊರಗೆ ಬರುವ ಇರುವೆ ರಾಣಿಯ ಬೆನ್ನ ಮೇಲೆಯೇ ಹತ್ತಿ ದಾಟಬೇಕಾಗಿದೆ. ಹಗಲಿನಲ್ಲಿ ಡಬ್ಬಿಯಲ್ಲಿ ಇದ್ದದ್ದು ಎರಡೇ ಇರುವೆಗಳು, ಅವೂ ಜೇನಿನ ಬಳಿ. ಕಸದ ರಾಶಿ ಡಬ್ಬಿಯ ಎದುರು ಮೂಲೆಯಲ್ಲಿ ಅಚ್ಚುಕಟ್ಟಾಗಿ ಇದೆ. ಹತ್ತಿಯ ಅಂಚಿನಲ್ಲಿ ಮಾತ್ರ ಒಂದು ಕಡಲೆಬೇಳೆಯಷ್ಟು ಅಗಲದ ಕಪ್ಪು ಕಲೆ ಕಂಡಿತು.

ಇಕ್ಕಟ್ಟು ಆರಂಭವಾಗಿದೆ, ಆದರೆ ಇನ್ನೂ ಮಿತಿ ಮೀರಿಲ್ಲ ಎಂದು ನನಗೆ ತೋರುತ್ತದೆ. ಕಪ್ಪು ಕಲೆಯನ್ನು ನೋಡಿದ ಮೇಲೆ ಫೆಬ್ರವರಿಯವರೆಗೆ ಕಾಯುವ ಮನಸ್ಸಿಲ್ಲ. ಹೊಸ ಗೂಡಿನ ಆರು ಕೋಣೆಗಳನ್ನು ಮುಚ್ಚಿ ಎರಡನ್ನು ಮಾತ್ರ ತೆರೆದು ಜೋಡಿಸಿದರೆ ಹೇಗೆ? ಜೋಡಿಸಿದ ಮೇಲೂ ಅವು ಹೋಗದಿದ್ದರೆ ಟ್ಯೂಬನ್ನು ಮೆಲ್ಲನೆ ತಟ್ಟಿ ಹೊರಡಿಸಬಹುದೇ?

ಉತ್ತರ: ಹುತ್ತದಹಾದಿ (ಬೆಂಗಳೂರು)

ನೀವು ನೋಡಿ ಬರೆದ ವಿವರಗಳ ಮೇಲೆ ನನ್ನ ಅಭಿಪ್ರಾಯವನ್ನೂ ಬದಲಿಸಿಕೊಳ್ಳುತ್ತೇನೆ. ಕೋಶಗಳು ಎರಡು ಪದರವಾಗಿವೆ ಎಂದರೆ ಅವು ಒಡೆದಾಗ ಸಂಖ್ಯೆ ಒಮ್ಮೆಲೇ ಏರಲಿದೆ, ಜೊತೆಗೆ ಹತ್ತಿಯೂ ಕೆಡತೊಡಗಿದೆ. ಎರಡು ಕೋಣೆಗಳನ್ನು ತೆರೆದು ಈಗಲೇ ಜೋಡಿಸುವುದು ಸೂಕ್ತ. ಲೆಕ್ಕದ ಪ್ರಕಾರ ಇದು ಈಗಿನ ಜಾಗದ ಎರಡು ಪಟ್ಟು, ಅಷ್ಟು ಸಾಕು.

ಜೋಡಿಸುವ ಕೊಳವೆಯ ಬಗ್ಗೆ ಎಚ್ಚರ ವಹಿಸಿ. ಅಕ್ವೇರಿಯಮ್ಮಿಗೆ ಗಾಳಿ ಊದಲು ಬಳಸುವ ಸಾಮಾನ್ಯ ಕೊಳವೆಯ ಒಳ ಅಗಲ 4 ಮಿ.ಮೀ. ಮಾತ್ರ. ಕೆಲಸಗಾರ ಇರುವೆಗಳು ಅದರಲ್ಲಿ ಸಲೀಸಾಗಿ ಓಡಾಡುತ್ತವೆ, ಆದರೆ ಮೊಟ್ಟೆ ತುಂಬಿ ಹೊಟ್ಟೆ ಉಬ್ಬಿದ ರಾಣಿಗೆ ಅದು ತೀರ ಇಕ್ಕಟ್ಟು. ಎಲ್ಲವೂ ಹೋಗಿ ರಾಣಿಯೊಂದೇ ಹಿಂದೆ ಉಳಿದರೆ ಹೋದವೂ ಮರಳಿ ಬರುತ್ತವೆ. ಕನಿಷ್ಠ 10 ಮಿ.ಮೀ. ಒಳ ಅಗಲದ ಪಾರದರ್ಶಕ ಕೊಳವೆಯನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ ತನ್ನಿ, ಮತ್ತು ಅದು ಎಷ್ಟು ಗಿಡ್ಡವಾಗಿದ್ದರೆ ಅಷ್ಟು ಒಳ್ಳೆಯದು. ಜೋಡಿಸುವ ಹಿಂದಿನ ದಿನವೇ ಗೂಡಿನ ಒಂದು ತುದಿಯ ಪ್ಲಾಸ್ಟರಿಗೆ ನೀರು ಕುಡಿಸಿಡಿ. ನೆಲ ತಂಪಾಗಿರಬೇಕು, ಆದರೆ ಅಕ್ರಿಲಿಕ್ಕಿನ ಒಳಮೈಯಲ್ಲಿ ಹನಿಗಳು ಕಟ್ಟಿಕೊಂಡಿರಬಾರದು.

ಅನಂತರ ಗೂಡನ್ನು ರಟ್ಟಿನಿಂದ ಪೂರ್ತಿ ಮುಚ್ಚಿ ಕತ್ತಲು ಮಾಡಿ, ಟ್ಯೂಬಿನ ಹೊದಿಕೆಯನ್ನು ತೆಗೆದು ಒಂದು ಗೇಣು ದೂರದಲ್ಲಿ ಎಲ್‌ಇಡಿ ದೀಪ ಇಡಿ. ಬೆಳಕಿಗೆ ಬೇಸತ್ತು ಅವು ಕತ್ತಲಿನ ಕಡೆ ಹೋಗಬೇಕೇ ಹೊರತು ಬಿಸಿಗೆ ಬೆದರಿ ಅಲ್ಲ. ಯಾವ ಕಾರಣಕ್ಕೂ ಟ್ಯೂಬನ್ನು ಬಿಸಿಲಿಗೆ ಇಡಬೇಡಿ, ಮುಚ್ಚಿದ ಗಾಜಿನ ಕೊಳವೆ ಬಿಸಿಲಿನಲ್ಲಿ ಕೆಲವೇ ನಿಮಿಷಗಳಲ್ಲಿ ಮರಿಗಳನ್ನು ಕೊಲ್ಲುವಷ್ಟು ಕಾಯುತ್ತದೆ. ಆಹಾರವನ್ನು ಎಂದಿನಂತೆ ಡಬ್ಬಿಯಲ್ಲಿಯೇ ಕೊಡಿ. ಹೊಸ ಗೂಡಿನೊಳಗೆ ಜೇನಿಟ್ಟು ಆಸೆ ತೋರಿಸುವುದರಿಂದ ಅವು ಅದನ್ನು ಮೇವಿನ ಜಾಗವೆಂದು ತಿಳಿದಾವೇ ಹೊರತು ವಾಸದ ಜಾಗವೆಂದಲ್ಲ.

ತಟ್ಟಿ ಹೊರಡಿಸುವ ಮಾತಿಗೆ ನನ್ನ ಉತ್ತರ ಸ್ಪಷ್ಟವಾಗಿ ಬೇಡ ಎಂದೇ. ಗೊದ್ದಗಳು ನೆಲದ ಕಂಪನಕ್ಕೆ ಬಹಳ ಬೇಗ ಕೆರಳುತ್ತವೆ. ಗಾಬರಿಯಲ್ಲಿ ಮರಿಗಳನ್ನು ಕಚ್ಚಿಕೊಂಡು ಗೊತ್ತುಗುರಿಯಿಲ್ಲದೆ ಓಡುತ್ತವೆ, ಹೊಸ ರಾಣಿಗಳು ಮೊಟ್ಟೆಗಳನ್ನು ತಿಂದುಹಾಕುವುದೂ ಉಂಟು. ಬಲವಂತ ಮಾಡಬಹುದಾದದ್ದು ನೀರು ಪೂರ್ತಿ ಮುಗಿದಾಗ, ಹತ್ತಿ ಸಡಿಲವಾಗಿ ನೀರು ಒಳನುಗ್ಗಿದಾಗ, ಇಲ್ಲವೇ ಬೂಷ್ಟು ಮರಿಗಳನ್ನು ಮುಟ್ಟಿದಾಗ ಮಾತ್ರ. ನಿಮ್ಮ ಟ್ಯೂಬಿನಲ್ಲಿ ಇವು ಯಾವುವೂ ಇಲ್ಲ. ಕೆಲವು ಗೂಡುಗಳು ಒಂದೇ ರಾತ್ರಿಯಲ್ಲಿ ಹೊರಡುತ್ತವೆ, ಕೆಲವು ವಾರಗಟ್ಟಲೆ ಯೋಚಿಸುತ್ತವೆ. ದೀಪವನ್ನು ದಿನವಿಡೀ ಉರಿಸುವುದೂ ಬೇಡ, ರಾತ್ರಿ ಆರಿಸಿಬಿಡಿ, ಏಕೆಂದರೆ ಅವುಗಳ ಓಡಾಟವೆಲ್ಲ ನಡೆಯುವುದು ಆಗಲೇ.

ಹೋದ ಮೇಲೆಯೂ ಹಳೆಯ ಟ್ಯೂಬನ್ನು ತಕ್ಷಣ ತೆಗೆಯಬೇಡಿ. ಒಂದೆರಡು ಮರಿಹುಳುಗಳನ್ನು ಅಲ್ಲಿಯೇ ಬಿಟ್ಟು ನಿಧಾನವಾಗಿ ಒಯ್ಯುವುದುಂಟು. ಮುಂದಿನ ಕೋಣೆಯನ್ನು ತೆರೆಯುವ ಸಮಯಕ್ಕೂ ಇದೇ ಅಳತೆಗೋಲನ್ನು ಬಳಸಿ: ತೆರೆದ ಎರಡೂ ಕೋಣೆಗಳಲ್ಲಿ ಮರಿಗಳಿದ್ದು, ಹಗಲಿನಲ್ಲಿ ಕೊಳವೆಯೊಳಗೂ ಇರುವೆಗಳು ಕೂರತೊಡಗಿದರೆ ಇನ್ನೊಂದನ್ನು ತೆರೆಯಬಹುದು. ಜಾಗ ಹೆಚ್ಚು ಕೊಟ್ಟರೆ ಮೊಟ್ಟೆಗಳು ಹೆಚ್ಚುತ್ತವೆ ಎಂದು ಕೆಲವರು ತಿಳಿದಿದ್ದಾರೆ. ಮರಿಗಳು ಹೆಚ್ಚುವುದು ಜಿರಳೆ, ಈಸುಳ್ಳಿಯಂಥ ಕೀಟಾಹಾರ ಮತ್ತು ಬೆಚ್ಚನೆಯ ವಾತಾವರಣದಿಂದ, ಕೋಣೆಗಳ ಸಂಖ್ಯೆಯಿಂದಲ್ಲ.

ಕೋಣೆಗಳ ನಡುವಿನ ದಾರಿಯನ್ನು ಹತ್ತಿಯಿಂದ ಮುಚ್ಚುವ ಯೋಚನೆಯಿದ್ದರೆ ಅದನ್ನು ಬಿಡಿ. ಗೊದ್ದಗಳು ಹತ್ತಿಯನ್ನು ಎಳೆ ಎಳೆಯಾಗಿ ಕಿತ್ತು ಒಂದೆರಡು ರಾತ್ರಿಗಳಲ್ಲಿ ದಾರಿ ಮಾಡಿಕೊಳ್ಳುತ್ತವೆ, ಆಗ ನಿಮ್ಮ ಲೆಕ್ಕವೆಲ್ಲ ವ್ಯರ್ಥ. ದಾರಿಯ ಅಳತೆಗೆ ಕತ್ತರಿಸಿದ ಅಕ್ರಿಲಿಕ್ ತುಂಡನ್ನು ಬಿಗಿಯಾಗಿ ಕೂರಿಸಿ. ಮುಂದೆ ಅದನ್ನು ಮೇಲಿನಿಂದಲೇ ಎಳೆದು ತೆಗೆಯಲು ಬರುವಂತೆ ತುದಿಗೆ ಒಂದು ಗಟ್ಟಿ ದಾರವನ್ನು ಅಂಟಿಸಿ, ಮುಚ್ಚಳದ ಸಂದಿಯಿಂದ ಹೊರಗೆ ಬಿಟ್ಟಿರಿ.